ಟ್ರಿಯೆಸ್ಟ್ ನಗರವೂ ನಮ್ಮ ಕಾಫಿಯ ಬೆಟ್ಟಗಳೂ

ಯೂರೋಪಿನ ಭೂಪಟದಲ್ಲಿ ಟ್ರಿಯೆಸ್ಟ್ ಎಂಬ ಗಡಿನಗರವನ್ನು ಹುಡುಕಿ ನೋಡುವುದಕ್ಕೆ ಮಲೆನಾಡಿನವರಿಗೆ ಕಾರಣವೇನೆಂದು ವಾಚಕರು ಕೇಳಬಹುದು. ಕಾರಣವಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ತೋಟಗಳ ಫಸಲನ್ನೊಳಗೊಂಡ ಭಾರತದ ಕಾಫಿಯನ್ನು ಕೊಳ್ಳುವವರಲ್ಲಿ ಇಟಲಿಯು ಬಹುಕಾಲದಿಂದ ಮುಂದಾಗಿದೆ. ಇಟಲಿಯ ಕಾಫಿ ವ್ಯಾಪಾರಕ್ಕೆ ಟ್ರಿಯೆಸ್ಟ್ ಹೆಸರಾಂತ ಬಂದರು. ಆ ಊರಿನ ಕಷ್ಟಸುಖಗಳು ನಮಗೆ ತೀರ ಹೊರಗಿನವಲ್ಲ.

1382ರಿಂದ ಆಸ್ಟ್ರಿಯದ ಅರಸುಮನೆತನಕ್ಕೆ ಅಧೀನವಾಗಿದ್ದ ಈ ಊರನ್ನು ಚಕ್ರವರ್ತಿ ಆರನೆಯ ಚಾರಲ್ಸನು 1719ರಲ್ಲಿ ಸುಂಕರಹಿತ ಬಂದರೆಂದು ಸಾರಿದನು. ನಗರದೊಳಗೆ ಇಟಾಲಿಯನ್ ನುಡಿಯವರು, ಸುತ್ತಣ ಹಳ್ಳಿಗಳಲ್ಲಿ ಸ್ಲೊವೀನರು ಹೆಚ್ಚಾಗಿದ್ದರು. ವ್ಯಾಪಾರವು ಎಲ್ಲರನ್ನೂ ಒಂದೇ ಪೇಟೆಯಲ್ಲಿ ಕೂಡಿಸಿತ್ತು. 1918ರಲ್ಲಿ ಆಸ್ಟ್ರಿಯವು ಸೋತಿತು, ಇಟಲಿಯ ಸೇನೆ ಬಂದಿತು. 1920ರ ಜುಲೈ 13ರಂದು ಫ್ಯಾಸಿಸ್ಟರು ಸ್ಲೊವೀನರ ‘ನಾರೋದ್ನಿ ದೋಮ್’ ಭವನಕ್ಕೆ ಬೆಂಕಿಯಿಟ್ಟರು. ತರುವಾಯ ಸ್ಲೊವೀನರ ಶಾಲೆಗಳನ್ನು ಮುಚ್ಚಿಸಲಾಯಿತು. ಮನೆತನದ ಹೆಸರುಗಳನ್ನು ಕೂಡ ಇಟಾಲಿಯನ್ ರೂಪಕ್ಕೆ ತಿರುಗಿಸಲಾಯಿತು. ಸ್ವಭಾಷೆಯ ಅಭಿಮಾನವು ಪರಭಾಷೆಯ ದ್ವೇಷವಾಗಿ ಪರಿಣಮಿಸಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1943ರ ಸೆಪ್ಟೆಂಬರಿನಲ್ಲಿ ಜರ್ಮನರು ನಗರವನ್ನು ಹಿಡಿದು, ಸಾನ್ ಸಬ್ಬಾ ಎಂಬಲ್ಲಿದ್ದ ಅಕ್ಕಿಯ ಗಿರಣಿಯೊಂದನ್ನು ಸೆರೆಮನೆಯಾಗಿಯೂ ವಧಾಸ್ಥಾನವಾಗಿಯೂ ಮಾಡಿದರು. 1945ರ ಮೇ 1ರಂದು ಯುಗೋಸ್ಲಾವಿಯದ ಸೇನೆಯೂ, ಮರುದಿನ ನ್ಯೂಜಿಲೆಂಡಿನ ಸೇನೆಯೂ ಪ್ರವೇಶಿಸಿದುವು. ಯುಗೋಸ್ಲಾವರ ನಲವತ್ತು ದಿನಗಳ ಆಳಿಕೆಯಲ್ಲಿ ಅನೇಕರು ಬಂಧಿತರಾಗಿ ಕಾಣೆಯಾದರು. 1947ರ ಪ್ಯಾರಿಸ್ ಒಪ್ಪಂದವು ಟ್ರಿಯೆಸ್ಟನ್ನು ‘ಸ್ವತಂತ್ರ ಪ್ರದೇಶ’ವೆಂದು ಕರೆಯಿತು. ಆದರೆ ಅದಕ್ಕೊಬ್ಬ ಗವರ್ನರನನ್ನು ನೇಮಿಸುವುದರಲ್ಲಿಯೇ ರಾಷ್ಟ್ರಗಳು ಒಮ್ಮತಕ್ಕೆ ಬರಲಿಲ್ಲ. ಒಂದು ಭಾಗವನ್ನು ಆಂಗ್ಲರೂ ಅಮೆರಿಕದವರೂ, ಮತ್ತೊಂದನ್ನು ಯುಗೋಸ್ಲಾವರೂ ಆಳಿದರು. 1954ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಆದ ಒಡಂಬಡಿಕೆಯಿಂದ ನಗರವು ಇಟಲಿಗೆ ಮರಳಿತು. 1975ರ ಒಸಿಮೋ ಒಪ್ಪಂದದಿಂದ ಗಡಿಯು ಸ್ಥಿರವಾಯಿತು. ಇಷ್ಟರಲ್ಲಿ ಎಲ್ಲಿಯೂ ನಾಗರಿಕರ ಮತವನ್ನು ಕೇಳಿದ ಪ್ರಸ್ತಾಪವಿಲ್ಲ.

ಅದೇ ಯುದ್ಧವು ನಮ್ಮ ಬೆಟ್ಟಗಳನ್ನು ಬೇರೊಂದು ಬಗೆಯಾಗಿ ಮುಟ್ಟಿತು. ಇಲ್ಲಿ ಗುಂಡು ಹಾರಲಿಲ್ಲ; ಆದರೆ ಯೂರೋಪಿನ ಪೇಟೆಗಳು ಮುಚ್ಚಿದುವು. 1940ರ ಜೂನಿನಲ್ಲಿ ಇಟಲಿಯು ಯುದ್ಧಕ್ಕಿಳಿದ ಮೇಲೆ ಮೆಡಿಟರೇನಿಯನ್ನಿನ ಹಡಗುದಾರಿಯೂ ಅಪಾಯಕ್ಕೊಳಗಾಯಿತು. ಬೆಳೆದ ಕಾಫಿಯನ್ನು ಕೊಳ್ಳುವವರಿಲ್ಲದಿರಲು, ಸರ್ಕಾರವು ಅದೇ ವರ್ಷ ಸುಗ್ರೀವಾಜ್ಞೆಯಿಂದ, 1942ರಲ್ಲಿ ಕಾನೂನಿನಿಂದ, ಪೂಲ್ ಪದ್ಧತಿಯನ್ನು ಜಾರಿಗೆ ತಂದಿತು. ಬೆಳೆಗಾರನು ತನ್ನ ಫಸಲನ್ನು ಪೂಲಿಗೆ ಒಪ್ಪಿಸಬೇಕು; ಮಾರಾಟವಾದ ಮೇಲೆ ಕಂತುಕಂತಾಗಿ ಹಣ ಪಡೆಯಬೇಕು. ಕಂತಿಗಾಗಿ ಕಾಯುವ ಕಷ್ಟವು ಸಣ್ಣ ಬೆಳೆಗಾರರಿಗೆ ಚೆನ್ನಾಗಿ ತಿಳಿದುದೇ. ಆದರೂ ವಿದೇಶದ ಪೇಟೆ ಕೈಬಿಟ್ಟಾಗ ಸ್ವದೇಶದ ಪೇಟೆಯನ್ನು ಬೆಳೆಸಿದ ಕೀರ್ತಿಯು ಈ ವ್ಯವಸ್ಥೆಗೆ ಸಲ್ಲಬೇಕು. ಯುದ್ಧಕಾಲಕ್ಕೆಂದು ಬಂದ ಪೂಲು 1990ರ ದಶಕದಲ್ಲಿ ಕ್ರಮವಾಗಿ ಸಡಿಲವಾಗಿ, 1996ರಲ್ಲಿ ಕೊನೆಗೊಂಡಿತು.

ಅಂದಿನಿಂದ ಬೆಳೆಗಾರನು ಸ್ವತಂತ್ರನು. ಆದರೆ ಅರೇಬಿಕಾದ ದರವು ನ್ಯೂಯಾರ್ಕಿನತ್ತ, ರೊಬಸ್ಟಾದ ದರವು ಲಂಡನ್ನಿನತ್ತ ನೋಡುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ, ಯೂರೋಪಿಗೆ ಹೋಗುವ ಅನೇಕ ಹಡಗುಗಳು ಆಫ್ರಿಕವನ್ನು ಸುತ್ತಿ ಸಾಗಬೇಕಾಯಿತು. ಸಾಗಾಣಿಕೆಯ ವೆಚ್ಚ ಏರಿತು. ಎಂಟು ದಶಕಗಳ ಹಿಂದಿನ ಪಾಠವು ಹೀಗೆ ಪುನರಾವರ್ತನೆಯಾಯಿತು.

ಹೆಸರಿಗೆ ಸ್ವತಂತ್ರವೆನಿಸಿದರೂ ತನ್ನ ಮಾತು ನಡೆಯದ ಸ್ಥಿತಿ ಎಂತಹದೆಂಬುದನ್ನು ಟ್ರಿಯೆಸ್ಟಿನ ಜನರು ಏಳು ವರ್ಷ ಅನುಭವಿಸಿದರು. ನಮ್ಮ ಸಣ್ಣ ಬೆಳೆಗಾರನ ಸ್ವಾತಂತ್ರ್ಯವು ಅಂತಹದಾಗಬಾರದು. ಹಳೆಯ ಪೂಲನ್ನು ಮರಳಿ ತರಬೇಕೆಂದು ನಾವು ಹೇಳುವುದಿಲ್ಲ. ಬೆಳೆಗಾರರ ಸಹಕಾರ ಸಂಘಗಳು ಬಲಗೊಳ್ಳಬೇಕು. ಫಸಲನ್ನು ಕೂಡಿಟ್ಟು ಸಮಯವರಿತು ಮಾರುವ ಉಗ್ರಾಣಗಳೂ ಸುಲಭ ಬಡ್ಡಿಯ ಸಾಲವೂ ಇರಬೇಕು. ದೇಶದೊಳಗಣ ಪೇಟೆಯು ಇನ್ನೂ ಬೆಳೆಯಬೇಕು. ಮುಂದಿನ ಯುದ್ಧವು ಯಾವ ಸಮುದ್ರವನ್ನು ಮುಚ್ಚುವುದೋ ಯಾರೂ ಬಲ್ಲವರಲ್ಲ. ಅದು ಬರುವುದಕ್ಕೆ ಮುಂಚೆ ಈ ಏರ್ಪಾಡುಗಳು ನಡೆಯಬೇಕೆಂದು ಅಧಿಕಾರಿಗಳನ್ನೂ ಬೆಳೆಗಾರರನ್ನೂ ನಾವು ಒತ್ತಾಯಿಸುತ್ತೇವೆ.