ಬಿಸಿಯನ್ನು ಕಾಣುವ ಗುಳಿ

ದೊಡ್ಡಬಳ್ಳಾಪುರ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಹರಕೆಯ ನಾಗರಕಲ್ಲುಗಳು ಸಾಲುಗಟ್ಟಿ ನಿಂತಿವೆ. ಆದರೆ ಅಲ್ಲಿ ಪೂಜೆಗೊಳ್ಳುವ ನಾಗರಹಾವಿಗೆ ಇಲ್ಲದ ಒಂದು ಇಂದ್ರಿಯ ಪಶ್ಚಿಮ ಘಟ್ಟದ ಗುಳಿಮಂಡಲಕ್ಕಿದೆ. ಕತ್ತಲಲ್ಲೂ ಅದು ಬಿಸಿಯನ್ನು 'ಕಾಣು'ತ್ತದೆ!

ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಎರಡೂ ಕಡೆ, ಒಂದೊಂದು ಗುಳಿ. ಒಳಗೆ ತೆಳ್ಳನೆಯ ಪೊರೆ. ಇಲಿಯ ಮೈಯಿಂದ ಹೊಮ್ಮುವ ಅವಕೆಂಪು ಕಿರಣ ತಾಗಿದರೆ ಪೊರೆ ತುಸು ಬೆಚ್ಚಗಾಗುತ್ತದೆ, ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಡಿಗ್ರಿಯ ನೂರನೇ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸವೂ ಸಾಕು.

1937ರಲ್ಲಿ ಅಮೆರಿಕದ ನೋಬಲ್ ಮತ್ತು ಷ್ಮಿಟ್, ಇದೇ ಬಳಗದ ಗಿಲಕಿ ಹಾವಿನ ಕಣ್ಣು ಮುಚ್ಚಿ, ಬಟ್ಟೆ ಸುತ್ತಿದ ಬಲ್ಬುಗಳನ್ನು ಮುಂದೆ ಆಡಿಸಿದರು. ಬಿಸಿ ಬಲ್ಬಿಗೇ ಅದು ಎರಗಿತು. ಗುಳಿಗಳನ್ನೂ ಮುಚ್ಚಿದಾಗ ಗುರುತು ತಪ್ಪಿತು.

ಘಟ್ಟದ ಕಾಲುದಾರಿಯಲ್ಲಿ ರಾತ್ರಿ ಟಾರ್ಚಿಲ್ಲದೆ ನಡೆದರೆ ನಮಗೆ ಅದು ಕಾಣದು; ನಮ್ಮ ಬರಿಗಾಲಿನ ಬಿಸಿ ಅದಕ್ಕೆ ಕಾಣುತ್ತದೆ.