ಹೆದ್ದಾರಿಯ ಸಾಲುಮರಗಳೂ ಅಂಚಿನ ಹೊಲಗಳೂ

ದಾರಿಯ ಇಕ್ಕೆಲಗಳಲ್ಲಿ ಮರಗಳನ್ನು ಬೆಳೆಸುವುದು ನಮ್ಮ ದೇಶದಲ್ಲಿ ಬಹು ಪುರಾತನವಾದ ಧರ್ಮಕಾರ್ಯವು. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದಾಗಿ ಅಶೋಕ ಚಕ್ರವರ್ತಿಯು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿರುವನು. ಆದರೂ ರಸ್ತೆಯ ಅಂಚಿನಲ್ಲಿ ಹೊಲವುಳ್ಳವರು, ನೆರಳಿನಿಂದಲೂ ಬೇರಿನಿಂದಲೂ ಫಸಲು ಕುಗ್ಗುವುದೆಂದು ಆಕ್ಷೇಪಿಸುವುದುಂಟು. ಈ ಆಕ್ಷೇಪಣೆಯು ನಿರಾಧಾರವಾದುದಲ್ಲ. ಆದರೆ ಇದಕ್ಕೆ ಪರಿಹಾರವು ಮರಗಳನ್ನು ತೊರೆಯುವುದರಲ್ಲಿಲ್ಲ. ಸ್ಥಳಕ್ಕೆ ತಕ್ಕ ಮರವನ್ನು ಆರಿಸುವುದರಲ್ಲಿರುವುದು.

ಆಲ, ಅರಳಿ, ಅತ್ತಿ ಇವುಗಳಿಗೆ ವಿಶಾಲವಾದ ಸ್ಥಳವು ಬೇಕು. ಇವನ್ನು ಗೋಮಾಳ, ಕೆರೆಯಂಗಳ ಮುಂತಾದವುಗಳ ಪಕ್ಕದಲ್ಲಿ ಹಾಯುವ ರಸ್ತೆಗೆ ಮೀಸಲಿಡತಕ್ಕದ್ದು. ಹೊಲದ ಅಂಚಿಗೆ ಹೊಂಗೆ, ಬೇವು ಉತ್ತಮವು. ಹೊಂಗೆಯು ದ್ವಿದಳ ಜಾತಿಯದಾದುದರಿಂದ ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುವು. ಅದರ ಸೊಪ್ಪು ಗದ್ದೆಗೆ ಹಸುರುಗೊಬ್ಬರವಾಗುವುದು. ಬೀಜದಿಂದ ಎಣ್ಣೆಯೂ ಹಿಂಡಿಯೂ ದೊರೆಯುವುವು. ಬೇವಿನ ಹಿಂಡಿಯೂ ಒಳ್ಳೆಯ ಗೊಬ್ಬರವೇ. ತೇವವುಳ್ಳ ಕಡೆಗಳಲ್ಲಿ ನೇರಳೆಯನ್ನು ನೆಡಬಹುದು. ಮಡಗಾಸ್ಕರ್ ದ್ವೀಪದಿಂದ ಬಂದ ಗುಲ್‌ಮೊಹರ್ ನೋಟಕ್ಕೆ ಸೊಗಸಾದರೂ ಬಿರುಗಾಳಿಗೆ ಅದರ ಕೊಂಬೆಗಳು ಸುಲಭವಾಗಿ ಮುರಿಯುವುದರಿಂದ ದಾರಿಹೋಕರಿಗೆ ಅಪಾಯಕರವು.

ನೆಡುವುದಕ್ಕೆ ಮುಂಚೆ ರಸ್ತೆಯ ಇಲಾಖೆಯವರ ಅಪ್ಪಣೆಯನ್ನು ಪಡೆಯಬೇಕು. ಇಲ್ಲವಾದರೆ ರಸ್ತೆಯನ್ನು ಅಗಲಮಾಡುವಾಗ ಹಲವು ವರ್ಷಗಳ ಶ್ರಮವು ಕೊಡಲಿಯ ಪಾಲಾಗುವುದು. ತಿರುವಿನ ಒಳಮಗ್ಗುಲಲ್ಲಿಯೂ ವಿದ್ಯುತ್ತಂತಿಯ ಕೆಳಗೂ ದೊಡ್ಡ ಮರಗಳು ಕೂಡದು. ಬೇಸಗೆಯಲ್ಲಿಯೇ ಗುಂಡಿಗಳನ್ನು ತೋಡಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣನ್ನೂ ಕೊಟ್ಟಿಗೆಗೊಬ್ಬರವನ್ನೂ ತುಂಬಿ, ಮುಂಗಾರು ಹಿಡಿದೊಡನೆ ಎತ್ತರವಾಗಿ ಬೆಳೆದ ಸಸಿಗಳನ್ನು ನೆಡಬೇಕು. ದನಕರುಗಳು ಮುಟ್ಟದಂತೆ ಸುತ್ತಲೂ ಮುಳ್ಳು ಕಟ್ಟತಕ್ಕದ್ದು.

ಆದರೆ ನೆಟ್ಟ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಮೊದಲ ಎರಡು ಮೂರು ಬೇಸಗೆಗಳಲ್ಲಿ ನೀರಿಲ್ಲದೆ ಒಣಗುವ ಸಸಿಗಳೇ ಹೆಚ್ಚು. ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ಸಾಲುಮರದ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಕೂಲಿಯಿಂದ ಜೀವಿಸುವವರಾಗಿದ್ದರೂ, ಕೊಡಗಳಲ್ಲಿ ನೀರು ಹೊತ್ತು, ಕುದೂರಿನ ರಸ್ತೆಯಲ್ಲಿ ಸುಮಾರು 4 ಕಿಲೋಮೀಟರು ದೂರ ಆಲದ ಸಾಲನ್ನು ಬೆಳೆಸಿದರು. ಈ ಮರಗಳ ಸಂಖ್ಯೆಯನ್ನು 385 ಎಂದು ಎಣಿಸಿರುವರು. ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. 2025ರಲ್ಲಿ ಅವರು ಕಾಲವಾದರು. ಮರಗಳು ನಿಂತಿರುವುವು.

ಭೂಮಿಯೂ ಬಾವಿಯೂ ಎತ್ತುಗಾಡಿಯೂ ಉಳ್ಳವರಿಗೆ ಇದು ಅಸಾಧ್ಯವೇ? ಗ್ರಾಮದ ಮುಖಂಡರು ಈ ಮುಂಗಾರಿಗೆ ಮುಂಚೆಯೇ ಸಭೆ ಸೇರಿಸಿ, ಯಾರ ಹೊಲದ ಮುಂದಿನ ಸಸಿಗಳಿಗೆ ಯಾರು ನೀರೆರೆಯತಕ್ಕವರೆಂಬುದನ್ನು ಹೆಸರು ಹಿಡಿದು ಗೊತ್ತುಮಾಡಲಿ. ಅನಂತರ ಗುಂಡಿ ತೋಡಲಿ.