ಚಳಿಗಾಲದಲ್ಲಿ ಮೀನಿನ ಮಿತವ್ಯಯ

ಕರ್ನಾಟಕದ ಕೆರೆಗಳಲ್ಲಿ ಬೆಳೆಯುವ ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳು ತೀವ್ರವಾದ ಚಳಿಯನ್ನು ಕಾಣುವುದು ಅಪರೂಪ. ಆದರೆ ಪಂಜಾಬ್, ಹರಿಯಾಣ ಮತ್ತು ದೆಹಲಿಯ ಸುತ್ತಲಿನ ಕೊಳಗಳಲ್ಲಿ ಇದೇ ಮೀನುಗಳು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕಠಿಣ ಪರೀಕ್ಷೆಗೆ ಒಳಗಾಗುತ್ತವೆ. ಆಗ ಅವು ಆಳದ ನೀರಿನಲ್ಲಿ ಬಹುತೇಕ ನಿಶ್ಚಲವಾಗಿ ನಿಲ್ಲುತ್ತವೆ. ಹಾಕಿದ ಆಹಾರ ಹಾಗೆಯೇ ಉಳಿಯುತ್ತದೆ. ಮೀನು ಸೊರಗಿತೆಂದು ಭಾವಿಸಿ ಆಹಾರವನ್ನು ಹೆಚ್ಚಿಸುವ ಸಾಕಣೆದಾರನು ಹಣವನ್ನೂ, ಕೊನೆಗೆ ಮೀನನ್ನೂ ಕಳೆದುಕೊಳ್ಳುವ ಸಂಭವವಿದೆ. ಆಹಾರವನ್ನು ತ್ಯಜಿಸುವುದು ಇಲ್ಲಿ ರೋಗದ ಲಕ್ಷಣವಲ್ಲ. ಚಳಿಯನ್ನು ಎದುರಿಸಲು ಮೀನಿನ ದೇಹವು ಅನುಸರಿಸುವ ಮಿತವ್ಯಯದ ಕ್ರಮ.

ನೀರಿನ ಉಷ್ಣತೆಯೇ ಮೀನಿನ ಉಷ್ಣತೆ

ಮನುಷ್ಯನ ದೇಹವು ತನ್ನ ಉಷ್ಣತೆಯನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳಲು ಆಹಾರದಿಂದ ದೊರೆತ ಶಕ್ತಿಯನ್ನು ಬಳಸುತ್ತದೆ. ಬಹುತೇಕ ಮೀನುಗಳಿಗೆ ಇಂತಹ ವ್ಯವಸ್ಥೆಯಿಲ್ಲ. ಕಿವಿರುಗಳಲ್ಲಿ ಹರಿಯುವ ರಕ್ತವು ತನ್ನ ಶಾಖವನ್ನು ನೀರಿಗೆ ಬಿಟ್ಟುಕೊಡುವುದರಿಂದ ನೀರು ತಣ್ಣಗಾದಂತೆ ಮೀನಿನ ದೇಹವೂ ತಣ್ಣಗಾಗುತ್ತದೆ. ಉಷ್ಣತೆ 10 ಡಿಗ್ರಿಗಳಷ್ಟು ಇಳಿದರೆ ಚಯಾಪಚಯ ಕ್ರಿಯೆಯ ವೇಗವು ಸಾಮಾನ್ಯವಾಗಿ ಅರ್ಧಕ್ಕೆ ಅಥವಾ ಮೂರನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಜೀರ್ಣಕಾರಿ ಕಿಣ್ವಗಳೂ ಮಂದವಾಗುತ್ತವೆ. 25ರಿಂದ 30 ಡಿಗ್ರಿಗಳಲ್ಲಿ ಚೆನ್ನಾಗಿ ಬೆಳೆಯುವ ನಮ್ಮ ಗೆಂಡೆ ಜಾತಿಯ ಮೀನುಗಳು ಸುಮಾರು 15 ಡಿಗ್ರಿಗಿಂತ ಕೆಳಗೆ ಬಹುಮಟ್ಟಿಗೆ ಆಹಾರವನ್ನು ಬಿಡುವುದು ಈ ಕಾರಣದಿಂದಲೇ.

ಕೂಡಿಟ್ಟ ಶಕ್ತಿಯ ಬಳಕೆ

ಆದಾಯ ನಿಂತ ಸಂಸಾರದಂತೆ ಮೀನು ಮೊದಲು ಚಲನೆ ಮತ್ತು ಬೆಳವಣಿಗೆಯ ವೆಚ್ಚವನ್ನು ಕಡಿತಗೊಳಿಸುತ್ತದೆ. ಹೃದಯ, ಮೆದುಳು ಮತ್ತು ಕಿವಿರುಗಳ ಕೆಲಸ ಮಾತ್ರ ನಿಲ್ಲುವಂತಿಲ್ಲ. ಚಳಿ ಹಠಾತ್ತನೆ ಬಂದಾಗ ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ಸ್ರವಿಸಿ, ಯಕೃತ್ತಿನಲ್ಲಿರುವ ಗ್ಲೈಕೋಜನ್ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಇದು ಕೈಯಲ್ಲಿರುವ ಹಣ. ಚಳಿ ವಾರಗಟ್ಟಲೆ ಮುಂದುವರಿದರೆ ದೇಹದ ಕೊಬ್ಬು ಕರಗುತ್ತದೆ. ಇದು ಬ್ಯಾಂಕಿನ ಠೇವಣಿ. ಅದೂ ಬರಿದಾದರೆ ಸ್ನಾಯುಗಳ ಪ್ರೋಟೀನ್ ವೆಚ್ಚವಾಗತೊಡಗುತ್ತದೆ. ಜೀವಕೋಶದಲ್ಲಿ ಶಕ್ತಿಯ ಕೊರತೆ ತಲೆದೋರಿದಾಗ ಎ.ಎಂ.ಪಿ.ಕೆ. ಎಂಬ ಕಿಣ್ವವು ಅದನ್ನು ಗುರುತಿಸಿ, ಹೊಸ ಕೊಬ್ಬು ಮತ್ತು ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸಿ, ಸಂಗ್ರಹದ ಬಳಕೆಗೆ ದಾರಿಮಾಡಿಕೊಡುತ್ತದೆ.

ಹೊಂದಾಣಿಕೆಗೆ ಕಾಲಾವಕಾಶ

ಮಿತವ್ಯಯದ ಜೊತೆಗೆ ದೇಹದ ದುರಸ್ತಿಯೂ ನಡೆಯುತ್ತದೆ. ಚಳಿಯಲ್ಲಿ ತುಪ್ಪ ಗಟ್ಟಿಯಾಗುವಂತೆ ಜೀವಕೋಶಗಳ ಪೊರೆಯೂ ಬಿಗಿಯಾಗುತ್ತದೆ. ಆಗ ಸಾಮಾನ್ಯ ಗೆಂಡೆ ಮೀನಿನ ಯಕೃತ್ತಿನಲ್ಲಿ ಡೀಸ್ಯಾಚುರೇಸ್ ಎಂಬ ಕಿಣ್ವವು ಹೆಚ್ಚಿ, ಎಣ್ಣೆಯಂತೆ ದ್ರವರೂಪದಲ್ಲಿ ಉಳಿಯುವ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಒದಗಿಸುತ್ತದೆ. ಇದೇ ಗುಂಪಿನ ಹಲವು ಮೀನುಗಳ ಸ್ನಾಯುಗಳಲ್ಲಿ ಶಕ್ತಿಯನ್ನು ಉತ್ಪಾದಿಸುವ ಮೈಟೊಕಾಂಡ್ರಿಯಗಳೂ ಹೆಚ್ಚುತ್ತವೆ. ಒಂದೊಂದರ ವೇಗ ಕುಗ್ಗಿದ್ದನ್ನು ಸಂಖ್ಯೆಯು ತುಂಬಿಕೊಡುತ್ತದೆ. ಇದಕ್ಕೆ ಹಲವು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಆದುದರಿಂದ ನೀರು ನಿಧಾನವಾಗಿ ತಣ್ಣಗಾದರೆ ಬದುಕುವ ಮೀನು, ಅದೇ ಉಷ್ಣತೆಗೆ ಹಠಾತ್ತನೆ ಸಿಲುಕಿದರೆ ಸಾಯಬಹುದು.

ಎಲ್ಲ ಮೀನುಗಳ ಸಾಮರ್ಥ್ಯವೂ ಒಂದೇ ಅಲ್ಲ. ಸಾಮಾನ್ಯ ಗೆಂಡೆಯು ಮಂಜುಗಟ್ಟಿದ ಸರೋವರದ ತಳದಲ್ಲಿ, ಸುಮಾರು 4 ಡಿಗ್ರಿಯ ನೀರಿನಲ್ಲಿಯೂ ಚಳಿಗಾಲವನ್ನು ಕಳೆಯಬಲ್ಲದು. ಜಿಲೇಬಿ ಎಂದು ಜನರು ಕರೆಯುವ ತಿಲಾಪಿಯ ಉಷ್ಣವಲಯದ ಮೀನು. ನೀರು 10 ಡಿಗ್ರಿಯ ಸಮೀಪಕ್ಕೆ ಇಳಿದರೆ ಅದು ಸಾಯತೊಡಗುತ್ತದೆ.

ಮಿತವ್ಯಯಕ್ಕೆ ಬೆಲೆಯೂ ಉಂಟು. ಚಳಿಯಲ್ಲಿ ರೋಗನಿರೋಧಕ ಶಕ್ತಿಯು ಕುಂದುತ್ತದೆ. 1988ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಮೀನಿನ ವ್ರಣರೋಗವು ಹೆಚ್ಚಾಗಿ ಚಳಿಗಾಲದಲ್ಲಿಯೇ ಉಲ್ಬಣಿಸುವುದಕ್ಕೆ ಇದೂ ಒಂದು ಕಾರಣ.

ಸಾಕಣೆದಾರರು ಗಮನಿಸಬೇಕಾದ ಅಂಶಗಳು

ಚಳಿಗೆ ಮುಂಚಿನ ತಿಂಗಳುಗಳಲ್ಲಿ ಉತ್ತಮ ಆಹಾರವನ್ನು ನೀಡಿ ಮೀನಿನ ಸಂಗ್ರಹವನ್ನು ಬಲಪಡಿಸಬೇಕು. ನೀರು ತಣ್ಣಗಾದಂತೆ ಆಹಾರವನ್ನು ಕಡಿಮೆಮಾಡುತ್ತ ಬಂದು, ಮೀನು ತಿನ್ನದಿದ್ದರೆ ನಿಲ್ಲಿಸಬೇಕು. ಉಳಿದ ಆಹಾರವು ಕೊಳೆತು ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ; ಅಮೋನಿಯವನ್ನೂ ಹೆಚ್ಚಿಸುತ್ತದೆ. ಕೊಳದಲ್ಲಿ ಒಂದೂವರೆಯಿಂದ ಎರಡು ಮೀಟರ್ ನೀರಿರುವುದು ಒಳ್ಳೆಯದು, ಏಕೆಂದರೆ ಆಳವಾದ ನೀರು ಬೇಗನೆ ತಣ್ಣಗಾಗುವುದಿಲ್ಲ. ಚಳಿಗಾಲದಲ್ಲಿ ಕೊಳವೆಬಾವಿಯ ನೀರು ಕೊಳದ ನೀರಿಗಿಂತ ಬೆಚ್ಚಗಿರುವುದರಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಹಾಯಿಸಬಹುದು. ಅನಿವಾರ್ಯವಲ್ಲದಿದ್ದರೆ ಬಲೆ ಬೀಸಬಾರದು. ಬೆದರಿ ಓಡುವ ಮೀನು ಕೂಡಿಟ್ಟ ಶಕ್ತಿಯನ್ನು ವ್ಯರ್ಥವಾಗಿ ಕಳೆದುಕೊಳ್ಳುತ್ತದೆ.

ಫೆಬ್ರವರಿ ಕಳೆದು ನೀರು ಬೆಚ್ಚಗಾಗುತ್ತ ಬಂದಂತೆ ಮೀನು ತಾನಾಗಿಯೇ ಆಹಾರವನ್ನು ಅರಸಿ ಬರುತ್ತದೆ. ಅಲ್ಲಿಯವರೆಗೆ ಅದನ್ನು ಅದರ ಪಾಡಿಗೆ ಬಿಡುವುದೇ ಸಾಕಣೆದಾರನು ಮಾಡಬಹುದಾದ ದೊಡ್ಡ ಉಪಕಾರ.